ಹೌಸ್‌ಫುಲ್ ಆದರೂ ಲಾಸ್ ಯಾಕೆ?

ಒಂದು ನಾಟಕ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಓಡಿತು. ಸುಮಾರು 20 ಲಕ್ಷ ಜನ ನೋಡಿದರು. ಗಲ್ಲಾಪೆಟ್ಟಿಗೆಗೆ ಬಿದ್ದ ದುಡ್ಡು ಹತ್ತಿರ ಹತ್ತಿರ 20 ಕೋಟಿ ಡಾಲರ್. ಈಗ ಹೇಳಿ, ಇದು ಹಿಟ್ಟೋ, ಫ್ಲಾಪೋ?

ಫ್ಲಾಪ್! ಅದೂ ಅಂತಿಂಥ ಫ್ಲಾಪ್ ಅಲ್ಲ, ಬ್ರಾಡ್‌ವೇ ಇತಿಹಾಸದಲ್ಲೇ ಅತಿ ದೊಡ್ಡ ನಷ್ಟಗಳಲ್ಲಿ ಒಂದು. ದುಡ್ಡು ಹಾಕಿದವರು ಕಳೆದುಕೊಂಡದ್ದು ಸುಮಾರು 6 ಕೋಟಿ ಡಾಲರ್ ಅಂತ ಅಂದಿನ ಪತ್ರಿಕೆಗಳು ವರದಿ ಮಾಡಿದವು. ನಾಟಕದ ಹೆಸರು 'ಸ್ಪೈಡರ್‌ಮ್ಯಾನ್: ಟರ್ನ್ ಆಫ್ ದಿ ಡಾರ್ಕ್'. ಸಿನಿಮಾ ಸುದ್ದಿಯಲ್ಲಿ ನಾವು ದಿನಾ 'ನೂರು ಕೋಟಿ ಕಲೆಕ್ಷನ್' ಅಂತ ಕೂಗ್ತೀವಲ್ಲ, ಆ ಕಲೆಕ್ಷನ್ ಅನ್ನೋ ಪದದ ಒಳಗೆ ಏನಿದೆ, ಏನಿಲ್ಲ ಅಂತ ತಿಳಿಯೋದಕ್ಕೆ ಬ್ರಾಡ್‌ವೇಗಿಂತ ಒಳ್ಳೆಯ ಪಾಠಶಾಲೆ ನನಗೆ ಕಾಣೋದಿಲ್ಲ.

ಮೊದಲು, ಬ್ರಾಡ್‌ವೇ ಅಂದ್ರೆ ಏನು? ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಹೋಗಿ ಬಂದವರು ಟೈಮ್ಸ್ ಸ್ಕ್ವೇರ್‌ನಲ್ಲಿ ಫೋಟೋ ತೆಗೆಸಿಕೊಂಡಿರ್ತೀರಿ. ಆ ಫೋಟೋದ ಹಿಂದೆ ಹೊಳೆಯುವ ದೊಡ್ಡ ದೊಡ್ಡ ಬೋರ್ಡ್‌ಗಳಲ್ಲಿ ಅನೇಕವು ಅಲ್ಲಿನ ನಾಟಕಗಳದ್ದೇ. ನ್ಯೂಯಾರ್ಕ್‌ನ ಮ್ಯಾನ್‌ಹಟ್ಟನ್‌ನಲ್ಲಿ, ಹೆಚ್ಚಾಗಿ ಅದೇ ಸುತ್ತಮುತ್ತ ಇರುವ 41 ರಂಗಮಂದಿರಗಳಿಗೆ ಬ್ರಾಡ್‌ವೇ ಅಂತಾರೆ. ಅವು 500 ಸೀಟು ಅಥವಾ ಅದಕ್ಕಿಂತ ದೊಡ್ಡವು. ವಾರಕ್ಕೆ ಸಾಮಾನ್ಯವಾಗಿ ಎಂಟು ಪ್ರದರ್ಶನ. ಪ್ರತಿ ವಾರ ಯಾವ ನಾಟಕ ಎಷ್ಟು ಗಳಿಸಿತು ಅಂತ ನಿರ್ಮಾಪಕರ ಸಂಘವಾದ ಬ್ರಾಡ್‌ವೇ ಲೀಗ್ ಬಹಿರಂಗವಾಗಿ ಪಟ್ಟಿ ಕೊಡುತ್ತೆ. 2024-25ರ ಸೀಸನ್‌ನಲ್ಲಿ ಒಟ್ಟು ಗಳಿಕೆ ಸುಮಾರು 189 ಕೋಟಿ ಡಾಲರ್, ಪ್ರೇಕ್ಷಕರು ಸುಮಾರು 1 ಕೋಟಿ 47 ಲಕ್ಷ. ಭಾಗಿಸಿ ನೋಡಿ, ಒಂದು ಟಿಕೆಟ್‌ಗೆ ಸರಾಸರಿ 129 ಡಾಲರ್ ಆಗುತ್ತೆ.

ಇಷ್ಟು ದುಡ್ಡು ಬರೋ ಕಡೆ ನಷ್ಟ ಯಾಕೆ? ಇಲ್ಲೇ ಇರೋದು ಲೆಕ್ಕ.

ನಾಟಕಕ್ಕೆ ಖರ್ಚು ಎರಡು ಥರ. ಪರದೆ ಏಳುವ ಮೊದಲು ಆಗುವ ಖರ್ಚು ಒಂದು: ಸೆಟ್ಟು, ವೇಷಭೂಷಣ, ತಾಲೀಮು, ಜಾಹೀರಾತು. ಪರದೆ ಎದ್ದ ಮೇಲೆ ವಾರವಾರ ಆಗುವ ಖರ್ಚು ಇನ್ನೊಂದು: ನಟರ ಸಂಬಳ, ವಾದ್ಯಗಾರರು, ರಂಗದ ಹಿಂದಿನ ಕೆಲಸಗಾರರು, ಥಿಯೇಟರ್ ಬಾಡಿಗೆ, ಬರೆದವರ ರಾಯಲ್ಟಿ. ಸಿನಿಮಾವನ್ನು ಒಮ್ಮೆ ತೆಗೆದರೆ ಸಾಕು, ಹೀರೋ ಮನೆಯಲ್ಲಿ ಮಲಗಿದ್ದರೂ ಅವನು ತೆರೆಯ ಮೇಲೆ ಕುಣೀತಾನೆ. ನಾಟಕ ಹಾಗಲ್ಲ. ಪ್ರತಿ ಸಂಜೆ ಅಷ್ಟೂ ಜನ ಬರಬೇಕು, ಅಷ್ಟೂ ಜನರಿಗೆ ಸಂಬಳ ಕೊಡಬೇಕು.

ಒಂದು ಕಾಲ್ಪನಿಕ ಉದಾಹರಣೆ ತಗೊಳ್ಳಿ. ಒಂದು ಸಂಗೀತ ನಾಟಕಕ್ಕೆ ಒಂದೂವರೆ ಕೋಟಿ ಡಾಲರ್ ಹಾಕಿದ್ದೀರಿ. ವಾರದ ಖರ್ಚು 7 ಲಕ್ಷ, ವಾರದ ಗಳಿಕೆ 8 ಲಕ್ಷ. ಕೇಳೋದಕ್ಕೆ 8 ಲಕ್ಷ ಭರ್ಜರಿ! ಕೈಗೆ ಉಳಿಯೋದು 1 ಲಕ್ಷ. ಅಂದರೆ ಹಾಕಿದ ಬಂಡವಾಳ ವಾಪಸ್ ಬರೋಕೆ 150 ವಾರ ಬೇಕು, ಹತ್ತಿರ ಹತ್ತಿರ ಮೂರು ವರ್ಷ. ನಡುವೆ ಗಳಿಕೆ ಸ್ವಲ್ಪ ಜಾರಿ 6 ಲಕ್ಷಕ್ಕೆ ಇಳಿಯಿತೋ, ಪ್ರತಿ ವಾರ ನಿಮ್ಮ ಜೇಬಿಂದಲೇ 1 ಲಕ್ಷ ಹೋಗುತ್ತೆ. ಬ್ರಾಡ್‌ವೇನಲ್ಲಿ ಐದು ನಾಟಕಕ್ಕೆ ಒಂದು ಮಾತ್ರ ಅಸಲು ನೋಡುತ್ತೆ ಅನ್ನೋದು ಆ ಉದ್ಯಮದವರೇ ಆಡುವ ಮಾತು.

ಸ್ಪೈಡರ್‌ಮ್ಯಾನ್‌ಗೆ ಆದದ್ದು ಇದೇ. ಬಂಡವಾಳವೇ ಏಳೂವರೆ ಕೋಟಿ ಡಾಲರ್. ಸಂಗೀತ ಯು2 ತಂಡದ ಬೋನೊ ಮತ್ತು ದಿ ಎಡ್ಜ್ ಅವರದ್ದು. ಪ್ರೇಕ್ಷಕರ ತಲೆ ಮೇಲೆ ಹಗ್ಗದಲ್ಲಿ ಹಾರುವ ನಟರು. ಕೆಲವರು ಗಾಯಗೊಂಡರು. ಅಧಿಕೃತ ಆರಂಭಕ್ಕೆ ಮೊದಲು ಟಿಕೆಟ್ ಮಾರಿಯೇ ಮಾಡುವ ಪ್ರಯೋಗಾರ್ಥ ಪ್ರದರ್ಶನಗಳೇ 182 ಆದವು! ನಡುವೆ ನಿರ್ದೇಶಕಿ ಜೂಲಿ ಟೇಮರ್ ಅವರನ್ನೇ ಬದಲಿಸಿದರು. 2011ರ ಜೂನ್‌ನಲ್ಲಿ ಅಂತೂ ಉದ್ಘಾಟನೆಯಾಯಿತು. ಕುತೂಹಲಕ್ಕೆ ಜನ ನುಗ್ಗಿದರು. ಅದೇ ವರ್ಷದ ಕೊನೆಯ ವಾರ 29 ಲಕ್ಷ ಡಾಲರ್ ಗಳಿಸಿ ಆಗಿನ ದಾಖಲೆಯನ್ನೇ ಮುರಿಯಿತು. ಆದರೆ ವಾರದ ಖರ್ಚೇ 10 ಲಕ್ಷ ದಾಟಿತ್ತು. ಕುತೂಹಲ ಆರಿತು, ಗಳಿಕೆ ಖರ್ಚಿಗಿಂತ ಕೆಳಗಿಳಿಯಿತು. 2014ರ ಜನವರಿಯಲ್ಲಿ ಪರದೆ ಬಿತ್ತು.

ಇದೇ ಜೂಲಿ ಟೇಮರ್ 1997ರಲ್ಲಿ ನಿರ್ದೇಶಿಸಿದ 'ದಿ ಲಯನ್ ಕಿಂಗ್' ಮಾತ್ರ ಅಲ್ಲಿನ ಅತಿ ಹೆಚ್ಚು ಗಳಿಕೆಯ ನಾಟಕ. ನಿರ್ದೇಶಕಿ ಅವರೇ, ಊರು ಅದೇ, ಫಲ ಮಾತ್ರ ತದ್ವಿರುದ್ಧ. ಹಾಗಾಗಿ 'ಇವರು ಕೈ ಹಾಕಿದ್ದೆಲ್ಲ ಚಿನ್ನ' ಅನ್ನೋ ಮಾತು ಅಲ್ಲಿ ನಡೆಯೋದಿಲ್ಲ.

ಸೋತವರ ಕಥೆ ಬಿಡಿ, ಗೆದ್ದವರನ್ನೂ ಈ ಲೆಕ್ಕ ಬಿಡಲಿಲ್ಲ. 'ದಿ ಫ್ಯಾಂಟಮ್ ಆಫ್ ದಿ ಒಪೆರಾ' 1988ರ ಜನವರಿಯಲ್ಲಿ ಶುರುವಾಗಿ 35 ವರ್ಷ ಓಡಿತು. 13,981 ಪ್ರದರ್ಶನ! ಆದರೆ 27 ವಾದ್ಯಗಾರರ ದೊಡ್ಡ ವಾದ್ಯವೃಂದ, ಭಾರಿ ಸೆಟ್ಟು, ಏರುತ್ತಿದ್ದ ಖರ್ಚು. ಕೋವಿಡ್‌ನಿಂದ 2020ರ ಮಾರ್ಚ್‌ನಲ್ಲಿ ಮುಚ್ಚಿದ ಬ್ರಾಡ್‌ವೇ ಮತ್ತೆ ಕಣ್ಣು ಬಿಟ್ಟಿದ್ದು ಒಂದೂವರೆ ವರ್ಷದ ನಂತರ. ಪ್ರವಾಸಿಗರು ಮೊದಲಿನಂತೆ ಬರಲಿಲ್ಲ. ಗಳಿಕೆ ಖರ್ಚಿಗೆ ಸಾಲದಾಯಿತು. ನಿಲ್ಲಿಸ್ತೀವಿ ಅಂತ 2022ರಲ್ಲಿ ಘೋಷಿಸಿದರು. ಆಮೇಲೆ ನೋಡಿ ತಮಾಷೆ! 'ಅಯ್ಯೋ, ಹೋಗೇಬಿಡುತ್ತಾ?' ಅಂತ ಜನ ಮುಗಿಬಿದ್ದರು. ಫೆಬ್ರವರಿಯಲ್ಲಿ ಮುಗಿಯಬೇಕಿದ್ದದ್ದು 2023ರ ಏಪ್ರಿಲ್ 16ಕ್ಕೆ ಹೋಯಿತು. ಕೊನೆಯ ವಾರದ ಗಳಿಕೆ 30 ಲಕ್ಷ ಡಾಲರ್ ದಾಟಿತು. ಇದ್ದಾಗ 'ಇನ್ನೊಂದು ಸಲ ನೋಡಿದರಾಯ್ತು' ಅಂದವರೇ ಹೋಗುವಾಗ ಸಾಲು ನಿಂತರು.

ಹಾಗಾದರೆ ಪ್ರೇಕ್ಷಕನಿಗೆ ಬೇಕಾಗಿರೋದು ಏನು? ಬ್ರಾಡ್‌ವೇ ಲೀಗ್‌ನ ಸಮೀಕ್ಷೆಗಳ ಪ್ರಕಾರ ಕೋವಿಡ್‌ಗೆ ಮುಂಚಿನ ಸೀಸನ್‌ನಲ್ಲಿ ಅಲ್ಲಿ ಕೂತವರಲ್ಲಿ ಸುಮಾರು ಶೇ. 65ರಷ್ಟು ಪ್ರವಾಸಿಗರು. ಮೂರರಲ್ಲಿ ಎರಡು ಪಾಲು ಹೆಂಗಸರು. ಅಪರೂಪಕ್ಕೆ ಬರುವ ಕುಟುಂಬ ಗೊತ್ತಿರುವ ಹೆಸರನ್ನೇ ಹುಡುಕುತ್ತೆ. ಆದರೆ ಹೆಸರು ಕರೆತರೋದು ಬಾಗಿಲವರೆಗೆ ಮಾತ್ರ. 'ವಿಕೆಡ್' 2003ರಲ್ಲಿ ಬಂದಾಗ ವಿಮರ್ಶಕರೆಲ್ಲ ಹೊಗಳಲಿಲ್ಲ, ಅತ್ಯುತ್ತಮ ಸಂಗೀತ ನಾಟಕದ ಟೋನಿ ಪ್ರಶಸ್ತಿಯೂ ಕೈತಪ್ಪಿತು. ಹುಡುಗಿಯರು ತಾವು ನೋಡಿ, ಗೆಳತಿಯರನ್ನು, ಅಮ್ಮನನ್ನು ಕರೆದುಕೊಂಡು ಬಂದರು. ಇವತ್ತಿಗೂ ಓಡ್ತಿದೆ. 2024ರಲ್ಲಿ ದಕ್ಷಿಣ ಕೊರಿಯಾದಿಂದ ಬಂದ, ಎರಡು ರೋಬೋಟ್‌ಗಳ ಪ್ರೇಮಕಥೆ 'ಮೇಬಿ ಹ್ಯಾಪಿ ಎಂಡಿಂಗ್' ಮೊದಮೊದಲು ವಾರಕ್ಕೆ 3 ಲಕ್ಷ ಡಾಲರ್ ಗಳಿಸಲೂ ತಿಣುಕಿತು. ನೋಡಿದವರು ಹೇಳಿದರು, ಕೇಳಿದವರು ಬಂದರು. ಗಳಿಕೆ 10 ಲಕ್ಷ ದಾಟಿತು, ಆರು ಟೋನಿ ಬಂದವು. ಇದಕ್ಕೆ ಉಲ್ಟಾ ನಮ್ಮ ಎ.ಆರ್. ರೆಹಮಾನ್ ಸಂಗೀತದ 'ಬಾಂಬೆ ಡ್ರೀಮ್ಸ್'. ಲಂಡನ್‌ನಲ್ಲಿ ಎರಡು ವರ್ಷ ಓಡಿದ್ದು ನ್ಯೂಯಾರ್ಕ್‌ನಲ್ಲಿ 284 ಪ್ರದರ್ಶನಕ್ಕೇ ನಿಂತಿತು. ಲಂಡನ್ನಿನವರ ಚಪ್ಪಾಳೆ ನ್ಯೂಯಾರ್ಕ್‌ನಲ್ಲಿ ಟಿಕೆಟ್ ಮಾರೋದಿಲ್ಲ.

ಈ ಲೆಕ್ಕದಲ್ಲಿ ಪಾರಾಗಲು ಈಗ ಕಂಡುಕೊಂಡಿರುವ ದಾರಿ, ದೊಡ್ಡ ಸ್ಟಾರ್, ಸಣ್ಣ ಅವಧಿ, ಆಕಾಶದೆತ್ತರದ ದರ. 2025ರಲ್ಲಿ ಡೆನ್ಜೆಲ್ ವಾಷಿಂಗ್ಟನ್ ಅಭಿನಯದ 'ಒಥೆಲೊ'ಗೆ ಒಂದು ಟಿಕೆಟ್ 921 ಡಾಲರ್‌ವರೆಗೆ ಹೋಯಿತು. ಅದೇ ಹೊತ್ತಿಗೆ ಜಾರ್ಜ್ ಕ್ಲೂನಿ 'ಗುಡ್ ನೈಟ್, ಅಂಡ್ ಗುಡ್ ಲಕ್' ಆಡಿದರು. ಅದು ನಮ್ಮ ಕಸುಬಿನವನ ಕಥೆ. 1950ರ ದಶಕದಲ್ಲಿ ಸೆನೆಟರ್ ಮೆಕಾರ್ಥಿಯನ್ನು ಟಿವಿಯಲ್ಲಿ ಎದುರಿಸಿದ ಪತ್ರಕರ್ತ ಎಡ್ವರ್ಡ್ ಮರೋ ಕಥೆ. ವಾರಕ್ಕೆ 40 ಲಕ್ಷ ಡಾಲರ್ ದಾಟಿದ ಮೊದಲ ಗದ್ಯ ನಾಟಕ ಅದು. ಅಧಿಕಾರಕ್ಕೆ ಹೆದರದ ಟಿವಿಯವನನ್ನು ನೋಡೋಕೆ ಜನ ನೂರಾರು ಡಾಲರ್ ಕೊಟ್ಟರು ಅನ್ನೋದು ನನಗೆ ಖುಷಿ. ನೂರಾರು ಡಾಲರ್ ಇದ್ದವರು ಮಾತ್ರ ನೋಡಿದರು ಅನ್ನೋದು ಸಂಕಟ. ಕೊನೆಗೆ ಜೂನ್ 7ರ ಪ್ರದರ್ಶನವನ್ನು ಸಿಎನ್ಎನ್ ನೇರಪ್ರಸಾರ ಮಾಡಿತು, ದುಡ್ಡಿಲ್ಲದವರಿಗೂ ಕಂಡಿತು.

ಟೈಮ್ಸ್ ಸ್ಕ್ವೇರ್‌ನಲ್ಲಿ ಅರ್ಧ ಬೆಲೆಗೆ ಅವತ್ತಿನ ಟಿಕೆಟ್ ಕೊಡುವ ಕೌಂಟರ್ 1973ರಿಂದ ಇದೆ. 'ಹ್ಯಾಮಿಲ್ಟನ್' ನಾಟಕದವರು ಒಂದು ಕಡೆ 849 ಡಾಲರ್‌ಗೆ ಟಿಕೆಟ್ ಮಾರುತ್ತಲೇ, ಇನ್ನೊಂದು ಕಡೆ ಲಾಟರಿ ಎತ್ತಿ 10 ಡಾಲರ್‌ಗೂ ಕೊಟ್ಟರು. ಇದನ್ನು ಬರೀ ಧರ್ಮ ಅಂತ ನಾನು ತಿಳಿಯೋದಿಲ್ಲ, ಜಾಣತನವೂ ಹೌದು. ಇವತ್ತು 10 ಡಾಲರ್ ಕೊಟ್ಟು ಬಂದ ಹುಡುಗ ಹೊರಗೆ ಹೋಗಿ ಹತ್ತು ಜನಕ್ಕೆ ಹೇಳ್ತಾನೆ. ಅವನನ್ನು ಬಾಗಿಲಲ್ಲೇ ತಡೆದರೆ ಇಪ್ಪತ್ತು ವರ್ಷದ ನಂತರ ಆ ಸೀಟಿನಲ್ಲಿ ಕೂರೋರು ಯಾರು?

ಆದ್ದರಿಂದ ಇನ್ನು ಮೇಲೆ ಯಾರಾದರೂ ಇಷ್ಟು ಕೋಟಿ ಗಳಿಸಿತು ಅಂದ್ರೆ ಎರಡೇ ಪ್ರಶ್ನೆ ಕೇಳಿ. ಖರ್ಚು ಎಷ್ಟು? ನೋಡಿದವರು ಮನೆಗೆ ಹೋಗಿ ಏನು ಹೇಳಿದರು? ಮೊದಲನೆಯದಕ್ಕೆ ಉತ್ತರ ನಿರ್ಮಾಪಕನ ಪುಸ್ತಕದಲ್ಲಿರುತ್ತೆ. ಎರಡನೆಯದಕ್ಕೆ ಮುಂದಿನ ವಾರದ ಕ್ಯೂನಲ್ಲಿರುತ್ತೆ.