ಜೀನಿನಡಿಯ ಮೆತ್ತೆ: ನೂರು ಮೈಲಿ ಓಡುವ ಕುದುರೆಯ ಬೆನ್ನಿಗೆ ಯಾವುದು ಹಿತ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆಯುವ ಟೆವಿಸ್ ಕಪ್ ಸ್ಪರ್ಧೆಯಲ್ಲಿ ಕುದುರೆಯು 24 ಗಂಟೆಗಳೊಳಗೆ 100 ಮೈಲಿ, ಅಂದರೆ ಸುಮಾರು 160 ಕಿ.ಮೀ. ದೂರವನ್ನು ಕ್ರಮಿಸಬೇಕು. 1955ರಲ್ಲಿ ವೆಂಡೆಲ್ ರಾಬಿ ಆರಂಭಿಸಿದ ಈ ಸವಾರಿ ಸಿಯೆರಾ ನೆವಾಡ ಪರ್ವತಗಳನ್ನು ದಾಟಿ ಆಬರ್ನ್ ಪಟ್ಟಣದಲ್ಲಿ ಮುಗಿಯುತ್ತದೆ. ಹೊರಟವರಲ್ಲಿ ಗುರಿ ಮುಟ್ಟುವವರು ಸರಿಸುಮಾರು ಅರ್ಧದಷ್ಟು ಮಾತ್ರ. ಕುಂಟುವಿಕೆ, ನಿರ್ಜಲೀಕರಣ, ಇಳಿಯದ ನಾಡಿಬಡಿತ ಇವೆಲ್ಲ ಕುದುರೆಯನ್ನು ಅರ್ಧದಾರಿಯಲ್ಲೇ ನಿಲ್ಲಿಸುತ್ತವೆ. ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಕಾರಣ ಬೆನ್ನುನೋವು. ಅದರ ಬೇರು ಹಲವು ಸಲ ಜೀನು ಮತ್ತು ಚರ್ಮದ ನಡುವಿನ ಒಂದು ಅಂಗುಲದೊಳಗೆ ಅಡಗಿರುತ್ತದೆ.

ಎಂಡ್ಯೂರೆನ್ಸ್ ಎಂದು ಕರೆಯಲಾಗುವ ಈ ದೀರ್ಘದೂರ ಸವಾರಿಯಲ್ಲಿ ಕುದುರೆಯ ಯೋಗಕ್ಷೇಮದ ಬಗ್ಗೆ ಕೊನೆಯ ಮಾತು ಪಶುವೈದ್ಯರದೇ. ನಿಗದಿತ ತಾಣಗಳಲ್ಲಿ ಕುದುರೆಯ ನಾಡಿ ನಿಮಿಷಕ್ಕೆ 64ಕ್ಕೆ ಇಳಿಯಬೇಕೆಂಬುದು ಅಂತಾರಾಷ್ಟ್ರೀಯ ಸ್ಪರ್ಧೆಗಳ ಪರಿಚಿತ ನಿಯಮ. ನಾಡಿ ನೋಡಿದ ಬಳಿಕ ವೈದ್ಯರು ಬೆನ್ನುಮೂಳೆಯ ಎರಡೂ ಬದಿಯಲ್ಲಿ ಬೆರಳೊತ್ತುತ್ತಾ ಹೋಗುತ್ತಾರೆ. ಕುದುರೆ ಬೆನ್ನು ತಗ್ಗಿಸಿದರೆ ಅಥವಾ ಸಿಡಿಮಿಡಿಗೊಂಡರೆ ಅಲ್ಲಿ ನೋವಿದೆಯೆಂದೇ ಅರ್ಥ. ನೋವು ಹೆಚ್ಚಿದ್ದಲ್ಲಿ 90 ಕಿ.ಮೀ. ದಾಟಿ ಬಂದ ಕುದುರೆಯೂ ಅಲ್ಲಿಂದಲೇ ಮನೆಗೆ ಹೊರಡಬೇಕಾಗುತ್ತದೆ.

ಜೀನಿನ ಕೆಳಗೆ ಹಾಸುವ ಮೆತ್ತೆಗೆ, ಅಂದರೆ ಸ್ಯಾಡಲ್ ಪ್ಯಾಡಿಗೆ, ಇಂಗ್ಲಿಷಿನಲ್ಲಿ 'ನಮ್ನಾ' ಎಂಬ ಹೆಸರೂ ಇದೆ. ಅದು ನಮ್ಮ ದೇಶದಿಂದ ಹೋದ ಮಾತು. ಉಣ್ಣೆಯನ್ನು ನೇಯದೆ, ತೇವಗೊಳಿಸಿ ಒತ್ತಿ ಮಾಡುವ ದಪ್ಪ ಹಾಸಿಗೆ ಹಿಂದಿ ಮತ್ತು ಉರ್ದುವಿನಲ್ಲಿ 'ನಮ್ದಾ' ಎನ್ನುತ್ತಾರೆ. ಕಾಶ್ಮೀರದ ನಮ್ದಾ ಇಂದಿಗೂ ಹೆಸರುವಾಸಿ. ಜೆಲ್, ನಿಯೋಪ್ರೀನ್, ಫೋಮ್ ಎಂದು ಮಾರುಕಟ್ಟೆ ಎಷ್ಟೇ ಬೆಳೆದಿದ್ದರೂ ಆ ಹಳೆಯ ಉಣ್ಣೆಯ ಹಾಸು ದೂರ ಸವಾರರ ಆಯ್ಕೆಯ ಪಟ್ಟಿಯಿಂದ ಕೆಳಗಿಳಿದಿಲ್ಲ ಎಂಬುದು ಗಮನಾರ್ಹ.

ಹೊಸ ಸವಾರರು ಮಾಡುವ ಮೊದಲ ತಪ್ಪೆಂದರೆ ಮೆತ್ತೆ ದಪ್ಪವಾದಷ್ಟೂ ಕುದುರೆಗೆ ಸುಖ ಎಂದು ಭಾವಿಸುವುದು. ಬಿಗಿಯಾದ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿದರೆ ಏನಾಗುತ್ತದೆಯೋ ಅದೇ ಇಲ್ಲಿಯೂ ಆಗುತ್ತದೆ. ಇಕ್ಕಟ್ಟಾದ ಜೀನಿನ ಕೆಳಗೆ ದಪ್ಪ ಮೆತ್ತೆ ಸೇರಿದರೆ ಹೆಗಲಿನ ಎರಡೂ ಬದಿಯ ಒತ್ತಡ ಏರುತ್ತದೆ. ದಪ್ಪ ಹಾಸು ಜೀನನ್ನು ಬೆನ್ನಿನಿಂದ ಮೇಲಕ್ಕೆತ್ತುವುದರಿಂದ ಅದು ಅತ್ತಿತ್ತ ಹೊರಳುತ್ತದೆ. ಹೊರಳದಿರಲೆಂದು ಸವಾರ ಹೊಟ್ಟೆಪಟ್ಟಿಯನ್ನು ಇನ್ನಷ್ಟು ಬಿಗಿಯುತ್ತಾನೆ. ಜೀನು ಕುದುರೆಗೆ ಸರಿಹೊಂದದಿದ್ದರೆ ಮೆತ್ತೆ ಆ ದೋಷವನ್ನು ಕೆಲಕಾಲ ಮರೆಮಾಚೀತೇ ಹೊರತು ಸರಿಪಡಿಸಲಾರದು. ಹೀಗಾಗಿ ಮೆತ್ತೆಗೆ ಹಣ ಸುರಿಯುವ ಮೊದಲು ಜೀನನ್ನು ಬರಿ ಬೆನ್ನಿನ ಮೇಲಿಟ್ಟು ನೋಡುವುದೇ ಜಾಣತನ.

ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಕುತೂಹಲಕರ. ಸರಿಹೊಂದುವ ಜೀನಿನ ಕೆಳಗೆ ಜೆಲ್, ಚರ್ಮ, ಫೋಮ್ ಹಾಗೂ ಹಿಮಸಾರಂಗದ ತುಪ್ಪಳದ ಮೆತ್ತೆಗಳನ್ನು ಇರಿಸಿ ಅವರು ಬಲವನ್ನು ಅಳೆದರು. ಬಲವನ್ನು ಚೆನ್ನಾಗಿ ತಗ್ಗಿಸಿದ್ದು ತುಪ್ಪಳದ ಮೆತ್ತೆ. ಒಂದು ಕುದುರೆಗೆ ಒಗ್ಗಿದ ಮೆತ್ತೆ ಮತ್ತೊಂದಕ್ಕೂ ಒಗ್ಗುತ್ತದೆಂಬ ಭರವಸೆ ಮಾತ್ರ ಇಂತಹ ಅಧ್ಯಯನಗಳಿಂದ ದೊರೆತಿಲ್ಲ.

ಇನ್ನು ಬೆವರಿನ ವಿಷಯ. ಬಿಸಿಲಿನಲ್ಲಿ ಶ್ರಮಪಡುವ ಕುದುರೆ ಗಂಟೆಗೆ 10ರಿಂದ 15 ಲೀಟರ್‌ವರೆಗೂ ಬೆವರಬಲ್ಲದು. ಅದರ ಬೆವರಿನಲ್ಲಿ ಉಪ್ಪಿನೊಂದಿಗೆ ಲ್ಯಾಥರಿನ್ ಎಂಬ ಪ್ರೋಟೀನು ಇರುತ್ತದೆ; ಉಜ್ಜಿದಲ್ಲಿ ಬಿಳಿ ನೊರೆ ಏಳುವುದು ಅದರಿಂದಲೇ. ಚರ್ಮ ನೆನೆದು ಮೃದುವಾದಾಗ ಉಜ್ಜುವಿಕೆಯಿಂದ ಬೇಗ ಕೀಳುತ್ತದೆ. ಆದ್ದರಿಂದ ಮೆತ್ತೆಯು ಬೆವರನ್ನು ಚರ್ಮದಿಂದ ದೂರ ಸೆಳೆಯಬೇಕು, ನೆನೆದ ಮೇಲೂ ಮುದುಡದೆ ನಿಲ್ಲಬೇಕು. ಉಣ್ಣೆಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವ ಹೀರಿಯೂ ಅದು ಒದ್ದೆಯೆನಿಸುವುದಿಲ್ಲ. ಒತ್ತಿದರೆ ಮತ್ತೆ ಪುಟಿಯುತ್ತದೆ. ಒಗೆಯಲು ಸುಲಭವಾದ, ಅಗ್ಗದ ಹತ್ತಿಯ ಮೆತ್ತೆ ಒಂದೆರಡು ಗಂಟೆಯ ಸವಾರಿಗೆ ಸಾಕು. ನೀರುಂಡ ಮೇಲೆ ಅದು ಚಪ್ಪಟೆಯಾಗಿ ನೆರಿಗೆಗಟ್ಟುತ್ತದೆ. ನಿಯೋಪ್ರೀನ್ ರಬ್ಬರಿನಂತೆ ಹಿಡಿದುಕೊಳ್ಳುವುದರಿಂದ ಜಾರುವುದಿಲ್ಲವಾದರೂ ಗಾಳಿಯಾಡದೆ ಶಾಖವನ್ನು ಒಳಗೇ ಕೂಡಿಡುತ್ತದೆ. ಜೆಲ್ ಅಂಗಡಿಯಲ್ಲಿ ಬೆರಳಿಗೆ ಮುದವೆನಿಸಿದರೂ ತೂಕ ಹೆಚ್ಚು. ಫೋಮಿನಲ್ಲಿ ಎರಡು ಬಗೆ: ಸ್ಪಂಜಿನಂತಹದು ಭಾರಕ್ಕೆ ಪೂರ್ತಿ ಕುಸಿದು ಇದ್ದೂ ಇಲ್ಲದಂತಾಗುತ್ತದೆ, ಗಾಳಿಗುಳ್ಳೆಗಳು ಮುಚ್ಚಿಕೊಂಡಿರುವ ಗಟ್ಟಿ ಫೋಮು ಆಕಾರ ಉಳಿಸಿಕೊಳ್ಳುತ್ತದೆ, ಆದರೆ ಬೆವರು ಹೀರದು. ಈ ಕಾರಣಕ್ಕೆ ಉಣ್ಣೆಯ ಹೊದಿಕೆಯೊಳಗೆ ಗಟ್ಟಿ ಫೋಮಿನ ಹಾಳೆಗಳನ್ನು ಸೇರಿಸಿದ ಮೆತ್ತೆಗಳೂ ಬಳಕೆಯಲ್ಲಿವೆ.

ಆಕಾರವೂ ಅಷ್ಟೇ ಮುಖ್ಯ. ಮೆತ್ತೆಯ ಅಂಚು ಅಥವಾ ಹೊಲಿಗೆ ಜೀನಿನ ಅಡಿಗೆ ಬಂದರೆ ಗಂಟೆಗಟ್ಟಲೆ ಅದೇ ಗೆರೆಯಲ್ಲಿ ಚರ್ಮ ಉಜ್ಜುತ್ತದೆ. ಅಂಚು ಜೀನಿನಿಂದ ಎರಡು ಬೆರಳಿನಷ್ಟು ಆಚೆಗಿರಬೇಕು. ಹಾಗೆಂದು ತೀರಾ ದೊಡ್ಡದೂ ಸಲ್ಲದು, ಮುಚ್ಚಿದಷ್ಟು ಚರ್ಮಕ್ಕೆ ಗಾಳಿ ತಾಗದು. ಎಂಡ್ಯೂರೆನ್ಸ್‌ನಲ್ಲಿ ಹೆಚ್ಚಾಗಿ ಕಾಣುವ ಅರಬ್ಬಿ ಕುದುರೆಗಳ ಬೆನ್ನು ಗಿಡ್ಡ. ಉದ್ದದ ಮೆತ್ತೆ ಅವುಗಳ ಸೊಂಟಕ್ಕೆ ತಾಗುತ್ತದೆ. ಬೆನ್ನಿನ ಏರಿಳಿತಕ್ಕೆ ತಕ್ಕಂತೆ ಬಾಗಿಸಿ ಹೊಲಿದ ಮೆತ್ತೆಯನ್ನೇ ಆರಿಸಿ, ಜೀನು ಬಿಗಿಯುವ ಮೊದಲು ಅದರ ನಡುಭಾಗವನ್ನು ಜೀನಿನ ಪೊಳ್ಳಿನೊಳಕ್ಕೆ ಎಳೆದು ಬಿಡುವುದು ಅನುಭವಿಗಳ ರೂಢಿ. ಹೀಗೆ ಮಾಡದಿದ್ದರೆ ಹೆಗಲಿನ ಮೇಲಿನ ಉಬ್ಬುಮೂಳೆಯ ಮೇಲೆ ಬಟ್ಟೆ ಬಿರುಸಾಗಿ ಎಳೆದುಕೊಂಡು ಕುಳಿತುಬಿಡುತ್ತದೆ.

ಮೆತ್ತೆ ಒಗ್ಗಿದೆಯೇ ಎಂಬುದನ್ನು ಕುದುರೆಯ ಬೆನ್ನೇ ತೋರಿಸುತ್ತದೆ. ದೀರ್ಘ ಸವಾರಿಯ ಬಳಿಕ ಜೀನು ಇಳಿಸಿದಾಗ ಬೆವರಿನ ಗುರುತು ಎರಡೂ ಬದಿಯಲ್ಲಿ ಸಮನಾಗಿರಬೇಕು. ಸುತ್ತ ಒದ್ದೆಯಾಗಿದ್ದು ನಡುವೆ ಅಂಗೈಯಗಲ ಒಣಗಿದ್ದರೆ ಎರಡು ಸಾಧ್ಯತೆ: ಅಲ್ಲಿ ಒತ್ತಡ ಅತಿಯಾಗಿ ಬೆವರೇ ಒಸರಿಲ್ಲ, ಇಲ್ಲವೇ ಅಲ್ಲಿಗೆ ಜೀನು ತಾಗಿಯೇ ಇಲ್ಲ. ಮರುದಿನ ಆ ಜಾಗವನ್ನು ಮುಟ್ಟಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಬಾವು, ಬಿಸಿ ಅಥವಾ ನೋವಿದ್ದರೆ ಒತ್ತಡವೇ ಕಾರಣ. ಒತ್ತಡ ದೀರ್ಘಕಾಲ ಮುಂದುವರಿದರೆ ಅಲ್ಲಿನ ರಕ್ತಸಂಚಾರ ಕುಂದಿ, ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳು ಸಾಯುತ್ತವೆ. ಕಂದು ಕುದುರೆಯ ಬೆನ್ನಿನ ಮೇಲೆ ಕಾಣುವ ಬಿಳಿಕೂದಲಿನ ತೇಪೆಗಳು ಹಲವು ಬಾರಿ ಹಳೆಯ ಜೀನೊಂದರ ಗುರುತುಗಳು.

ಹತ್ತು ಕಿ.ಮೀ.ನಲ್ಲಿ ಕಾಣದ ದೋಷ ಐವತ್ತರಲ್ಲಿ ಕಾಣುವುದರಿಂದ ಹೊಸ ಮೆತ್ತೆಯನ್ನು ಸ್ಪರ್ಧೆಯ ದಿನ ಮೊದಲ ಬಾರಿಗೆ ಹಾಕುವಂತಿಲ್ಲ. ಅಭ್ಯಾಸದ ದೂರ ಸವಾರಿಗಳಲ್ಲಿ, ಅದೂ ಏರು ಇಳಿಜಾರಿನ ದಾರಿಯಲ್ಲಿ, ಪರೀಕ್ಷಿಸಿರಬೇಕು. ಇಳಿಜಾರಿನಲ್ಲಿ ಜೀನು ಹೆಗಲಿನತ್ತ ಜರುಗುವಾಗ ಮೆತ್ತೆ ಅದರೊಂದಿಗೇ ಇರುತ್ತದೆಯೇ, ಹಿಂದಕ್ಕೆ ಜಾರುತ್ತದೆಯೇ ಎಂಬುದು ಆಗಲೇ ಗೊತ್ತಾಗುವುದು.

ಟೆವಿಸ್ ಹಾದಿಯಲ್ಲಿ ರಾಬಿನ್ಸನ್ ಫ್ಲಾಟ್ ಮತ್ತು ಫಾರೆಸ್ಟ್‌ಹಿಲ್‌ನಲ್ಲಿ ತಲಾ ಒಂದು ಗಂಟೆಯ ಕಡ್ಡಾಯ ವಿಶ್ರಾಂತಿಯಿದೆ. ಇವೆರಡರ ನಡುವೆ ಕಾದ ಕಣಿವೆಗಳ ಕಡಿದಾದ ಏರಿಳಿತ. ಜೀನು ಇಳಿಸಿ ಬೆನ್ನು ತೊಳೆದು ಒರೆಸಿ, ಅದೇ ಬಗೆಯ ಒಣ ಮೆತ್ತೆಯೊಂದನ್ನು ಹಾಕುವ ಅವಕಾಶ ಇಲ್ಲಿ ಸಿಗುತ್ತದೆ. ಆದುದರಿಂದ ದುಬಾರಿಯ ಒಂದಕ್ಕಿಂತ ಸಾಧಾರಣ ಬೆಲೆಯ ಎರಡು ಮೆತ್ತೆ ಲೇಸು. ಬಿಚ್ಚಿದ್ದನ್ನು ಹಾಗೆಯೇ ಚೀಲಕ್ಕೆ ತುರುಕಿದರೆ ಬೆವರಿನ ಉಪ್ಪು ಒಣಗಿ ಮೆತ್ತೆ ಹಪ್ಪಳದಂತೆ ಗಡಸಾಗುತ್ತದೆ. ಉಣ್ಣೆಯದಾದರೆ ಅಂಟಿದ ಕೂದಲನ್ನು ಕುಂಚದಿಂದ ತೆಗೆದು, ತಣ್ಣೀರಿನಲ್ಲಿ ತಿಕ್ಕದೆ ಅದ್ದಿ, ನೆರಳಲ್ಲಿ ಒಣಗಿಸಬೇಕು. ಬಿಸಿನೀರಿಗೆ ಹಾಕಿದ ಉಣ್ಣೆ ಕುಗ್ಗುತ್ತದೆ. ಕುಗ್ಗಿದ ಮೆತ್ತೆಯ ಅಂಚು ಮತ್ತೆ ಜೀನಿನ ಅಡಿಗೇ ಬರುತ್ತದೆ.