ವಿಂಬಲ್ಡನ್‌ನಲ್ಲಿ ಯಾರ ಎದುರು ಯಾರು?

ಗೆಳೆಯರೇ, ಹೋದ ವರ್ಷ ಹೋಬಳಿ ಮಟ್ಟದ ಖೊಖೊದಲ್ಲಿ ನಾವು ಮೊದಲನೇ ಆಟದಲ್ಲೇ ಸೋತು ಬಂದದ್ದು ನಿಮಗೆಲ್ಲ ನೆನಪಿದೆ. ಚೀಟಿ ಎತ್ತಿದಾಗ ಅದರ ಹಿಂದಿನ ವರ್ಷ ಕಪ್ ಗೆದ್ದಿದ್ದ ತಂಡವೇ ನಮ್ಮ ಎದುರು ಬಂತು. ಕೊನೆಗೆ ಕಪ್ಪೂ ಅವರಿಗೇ ಹೋಯ್ತು. "ನಾವು ಆಟದಲ್ಲಿ ಸೋತಿಲ್ಲ, ಚೀಟಿಯಲ್ಲಿ ಸೋತ್ವಿ" ಅಂತ ದಾರಿಯುದ್ದಕ್ಕೂ ಗೊಣಗಿಕೊಂಡು ಬಂದೆವು. ದೊಡ್ಡ ದೊಡ್ಡ ಪಂದ್ಯಗಳಲ್ಲೂ ಹೀಗೇ ಚೀಟಿ ಎತ್ತುತ್ತಾರಾ ಸಾರ್ ಅಂತ ನಾನು ಪಿ.ಟಿ. ಮೇಷ್ಟ್ರನ್ನು ಕೇಳಿದೆ. ಅವರು ವಿಂಬಲ್ಡನ್ ಟೆನಿಸ್ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು ತಿಳಿಸಿದರು. ಅದನ್ನೇ ಇಲ್ಲಿ ಬರೆದಿದ್ದೇನೆ.

ವಿಂಬಲ್ಡನ್ ಇರುವುದು ಇಂಗ್ಲೆಂಡಿನ ಲಂಡನ್ ನಗರದಲ್ಲಿ. ಅಲ್ಲಿ ಹುಲ್ಲಿನ ಅಂಕಣದ ಮೇಲೆ ಆಡುತ್ತಾರೆ. ಸಿಂಗಲ್ಸ್‌ನಲ್ಲಿ 128 ಆಟಗಾರರು. ಸೋತವರು ಮನೆಗೆ. ಮೊದಲ ಸುತ್ತು ಮುಗಿದರೆ 64 ಜನ, ಆಮೇಲೆ 32, 16, 8, 4, 2, ಕೊನೆಗೆ ಒಬ್ಬರು. ಹೀಗೆ 7 ಸುತ್ತು. ಒಟ್ಟು ಪಂದ್ಯ ಎಷ್ಟು? ಕೂಡುವುದೇ ಬೇಡ! ಒಂದು ಪಂದ್ಯಕ್ಕೆ ಒಬ್ಬರು ಹೊರಗೆ. ಗೆದ್ದವರನ್ನು ಬಿಟ್ಟು 127 ಜನ ಹೊರಗೆ ಹೋಗಬೇಕು, ಅದಕ್ಕೇ 127 ಪಂದ್ಯ. ನಮ್ಮ ಹೋಬಳಿಗೆ 13 ತಂಡ ಬಂದರೆ 12 ಪಂದ್ಯ.

ಈ 128 ಜನರನ್ನು ಹೇಗೆ ಆರಿಸುತ್ತಾರೆ? ಹಿಂದಿನ 52 ವಾರಗಳ ಆಟದಲ್ಲಿ ಗಳಿಸಿದ ಅಂಕಗಳ ಮೇಲೆ ಆಟಗಾರರಿಗೆ ರ‍್ಯಾಂಕ್ ಕೊಡುತ್ತಾರೆ. ಪಂದ್ಯಕ್ಕೆ ಸುಮಾರು ಆರು ವಾರ ಮೊದಲಿನ ರ‍್ಯಾಂಕ್ ನೋಡಿ ಸುಮಾರು 104 ಜನರನ್ನು ನೇರವಾಗಿ ತಗೊಳ್ತಾರೆ. ರ‍್ಯಾಂಕ್ ಸಾಲದಿದ್ದರೂ ಪಂದ್ಯ ನಡೆಸುವವರೇ ಕರೆದು 8 ಜನರವರೆಗೆ ಜಾಗ ಕೊಡಬಹುದು. ಇದಕ್ಕೆ 'ವೈಲ್ಡ್ ಕಾರ್ಡ್' ಅಂತಾರೆ. ಉಳಿದ 16 ಜಾಗಗಳಿಗೆ ಅರ್ಹತಾ ಸುತ್ತು. ಅದರಲ್ಲಿ ಬೇರೆ 128 ಜನ ಆಡುತ್ತಾರೆ. ಒಬ್ಬೊಬ್ಬರು ಮೂರು ಪಂದ್ಯ ಗೆಲ್ಲಬೇಕು. ಅದರ ಕೊನೇ ಪಂದ್ಯದಲ್ಲಿ ಸೋತವರಿಗೂ ಒಂದು ಆಸೆ ಇರುತ್ತೆ. ಒಳಗಿನವರು ಯಾರಾದರೂ ಗಾಯವಾಗಿ ಬರದಿದ್ದರೆ ಇವರಲ್ಲೊಬ್ಬರಿಗೆ ಆ ಜಾಗ ಸಿಗಬಹುದು. ಅವರ ಹೆಸರು 'ಲಕ್ಕಿ ಲೂಸರ್', ಅಂದರೆ ಸೋತರೂ ಅದೃಷ್ಟವಂತ.

ಇನ್ನು ಚೀಟಿಯ ವಿಷಯ. ಎಲ್ಲರ ಚೀಟಿಯನ್ನೂ ಒಂದೇ ಡಬ್ಬಿಗೆ ಹಾಕುವುದಿಲ್ಲ. ಮೇಲಿನ 32 ಜನರನ್ನು 'ಸೀಡ್' ಅಂತ ಬೇರೆ ಮಾಡುತ್ತಾರೆ. 2001ರ ಮೊದಲು ಬರೀ 16 ಸೀಡ್ ಇದ್ದರು. ಸೀಡ್ ಅಂದರೆ ಬೀಜ. ಕಾಳನ್ನು ಒಂದೇ ಕಡೆ ಸುರಿಯದೆ ದೂರ ದೂರ ಬಿತ್ತುತ್ತೇವಲ್ಲ, ಹಾಗೆ. ಒಂದನೇ ಸೀಡ್ ಪಟ್ಟಿಯ ತುದಿಯಲ್ಲಿ, ಎರಡನೇ ಸೀಡ್ ಬುಡದಲ್ಲಿ. ಅವರಿಬ್ಬರೂ ಎದುರಾಗುವುದಿದ್ದರೆ ಫೈನಲ್‌ನಲ್ಲೇ. ಮೂರನೇ ಸುತ್ತಿನವರೆಗೆ ಯಾವ ಇಬ್ಬರು ಸೀಡ್‌ಗಳೂ ಎದುರಾಗುವುದಿಲ್ಲ. ಉಳಿದ 96 ಜನರ ಜಾಗ ಚೀಟಿಯ ಮೇಲೆ. ಡಬಲ್ಸ್‌ನಲ್ಲಿ ಇಬ್ಬರ ರ‍್ಯಾಂಕನ್ನೂ ಕೂಡಿ ನೋಡುತ್ತಾರೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ, 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಆಗ ಅವರಿಗೂ ಜೊತೆಗಾರ ಮ್ಯಾಥ್ಯೂ ಎಬ್ಡನ್‌ಗೂ ಎರಡನೇ ಸೀಡ್ ಇತ್ತು.

ಹಾಗಾದರೆ ಸೀಡ್ ಇಲ್ಲದವರು ಗೆಲ್ಲೋದೇ ಇಲ್ವಾ? ಗೆದ್ದಿದ್ದಾರೆ! 2001ರಲ್ಲಿ ಕ್ರೊಯೇಷಿಯಾದ ಗೊರಾನ್ ಇವಾನಿಸೆವಿಚ್ 125ನೇ ರ‍್ಯಾಂಕಿನಲ್ಲಿದ್ದರು. ವೈಲ್ಡ್ ಕಾರ್ಡ್‌ನಲ್ಲಿ ಬಂದು ವಿಂಬಲ್ಡನ್ ಗೆದ್ದರು. ಅಮೆರಿಕದ ಯು.ಎಸ್. ಓಪನ್‌ನಲ್ಲೂ ಹೀಗೇ ಅರ್ಹತಾ ಸುತ್ತು ಇದೆ. 2021ರಲ್ಲಿ ಅಲ್ಲಿ ಬ್ರಿಟನ್ನಿನ ಎಮ್ಮಾ ರಾಡುಕಾನು ಅರ್ಹತಾ ಸುತ್ತಿನ 3, ಮುಖ್ಯ ಸುತ್ತಿನ 7, ಒಟ್ಟು 10 ಪಂದ್ಯ ಗೆದ್ದು ಕಪ್ ಹಿಡಿದರು. ಒಂದು ಸೆಟ್ ಕೂಡ ಸೋಲಲಿಲ್ಲ. ಆಗ ಅವರ ವಯಸ್ಸು 18, ರ‍್ಯಾಂಕ್ 150.

ಇದನ್ನೆಲ್ಲ ಕೇಳಿ ನಾನು, "ಸಾರ್, ನಮ್ಮ ಹೋಬಳಿಯಲ್ಲೂ ಹಿಂದಿನ ವರ್ಷ ಗೆದ್ದವರನ್ನೂ ಎರಡನೇ ಸ್ಥಾನದವರನ್ನೂ ಎರಡು ತುದಿಗೆ ಹಾಕಿ, ಉಳಿದವರಿಗೆ ಚೀಟಿ ಎತ್ತಬಹುದಲ್ಲ" ಅಂದೆ. ಮೇಷ್ಟ್ರು ನಕ್ಕು, "ಮೀಟಿಂಗಿನಲ್ಲಿ ಹೇಳ್ತೀನಿ. ಆದ್ರೆ ಹಾಗೆ ಮಾಡಿದ್ರೂ ಮೊದಲನೇ ಆಟದಲ್ಲಿ ನಿಮಗೆ ಅವರೇ ಬರಬಹುದು ಕಣೋ. ನೀವು ಸೀಡ್ ಅಲ್ವಲ್ಲ!" ಅಂದರು.

ನನಗೆ ಆಗ ಗೊತ್ತಾಯ್ತು. ಸೀಡ್ ಆಗಬೇಕಾದರೆ ಮೊದಲು ಗೆಲ್ಲಬೇಕು. ಅದಕ್ಕೇ ಖೊಖೊ ತಂಡದವರು ನಾಳೆಯಿಂದ ಬೆಳಿಗ್ಗೆ ಪ್ರಾರ್ಥನೆಗಿಂತ ಒಂದು ಗಂಟೆ ಮೊದಲೇ ಮೈದಾನಕ್ಕೆ ಬನ್ನಿ.

– ಏಳನೇ ತರಗತಿ ವಿದ್ಯಾರ್ಥಿ