ಮೂಡಣ ಗಾಳಿಯ ದ್ವೀಪ

2024ನೆಯ ಇಸವಿಯ ಜೂನ್ 29ರ ಶನಿವಾರ ಬಾರ್ಬಡೋಸ್ ದ್ವೀಪದ ಬ್ರಿಡ್ಜ್‌ಟೌನ್ ನಗರದ ಕೆನ್ಸಿಂಗ್ಟನ್ ಓವಲ್ ಕ್ರೀಡಾಂಗಣದಲ್ಲಿ ಭಾರತದ ಕ್ರಿಕೆಟ್ ತಂಡವು ದಕ್ಷಿಣ ಆಫ್ರಿಕವನ್ನು ಏಳು ರನ್ನುಗಳಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದುದನ್ನೂ, ಮನಸ್ಸಿನ ಆವೇಗವನ್ನು ಹೊರಗೆ ತೋರಗೊಡದವರೆಂದು ಹೆಸರಾದ ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡರು ಆ ಬಟ್ಟಲನ್ನೆತ್ತಿ ಹಿಡಿದು ಗರ್ಜಿಸಿದುದನ್ನೂ ಕಂಡು ಹಿಗ್ಗಿದವರು ಲಕ್ಷಾಂತರ ಮಂದಿ. ಅಂದು ಆ ಮೈದಾನದ ಮೇಲೆ ಬೀಸುತ್ತಿದ್ದ ಗಾಳಿಯನ್ನು ಗಮನಿಸಿದವರು ಮಾತ್ರ ವಿರಳ. ಗೆದ್ದ ತಂಡಕ್ಕೆ ಮರುದಿನ ಊರಿಗೆ ಹೊರಡಲಾಗಲಿಲ್ಲ. ಬೆರಿಲ್ ಎಂಬ ಚಂಡಮಾರುತವು ಸಮೀಪಿಸುತ್ತಿದ್ದ ಕಾರಣ ವಿಮಾನನಿಲ್ದಾಣವು ಮುಚ್ಚಿತು; ಆಟಗಾರರು ವಸತಿಗೃಹದಲ್ಲಿಯೇ ದಿನಗಳನ್ನು ಕಳೆದು ಜುಲೈ 4ರ ಬೆಳಿಗ್ಗೆ ದೆಹಲಿಯನ್ನು ಸೇರಿದರು. ಶನಿವಾರ ಅವರ ಬೆವರನ್ನು ಆರಿಸಿದ ತಂಗಾಳಿಗೂ, ಸೋಮವಾರ ನೆರೆಯ ದ್ವೀಪದ ಮನೆಗಳ ಮಾಡುಗಳನ್ನು ಕಿತ್ತೊಗೆದ ಬಿರುಗಾಳಿಗೂ ಇರುವ ಬಾಂಧವ್ಯವೇ ಈ ಲೇಖನದ ವಿಷಯ. ಅವೆರಡೂ ಒಂದೇ ಯಂತ್ರದ ಎರಡು ವೇಗಗಳು.

ಬಾರ್ಬಡೋಸಿಗೆ ವಿಹಾರಕ್ಕೆಂದು ಹೊರಡುವವನು ಮೊದಲು ನೋಡುವುದು ಉಷ್ಣಮಾನದ ಪಟ್ಟಿಯನ್ನು. ಆ ಪಟ್ಟಿಯಾದರೋ ವರ್ಷವಿಡೀ ಒಂದೇ ರಾಗವನ್ನು ಹಾಡುತ್ತದೆ: ಹಗಲು 29ರಿಂದ 31 ಡಿಗ್ರಿ ಸೆಲ್ಷಿಯಸ್, ಇರುಳು 22ರಿಂದ 25, ಕಡಲ ನೀರು ಫೆಬ್ರವರಿಯಲ್ಲಿ ಸುಮಾರು 26 ಡಿಗ್ರಿ, ಸೆಪ್ಟೆಂಬರಿನಲ್ಲಿ ಸುಮಾರು 29. ಈ ಅಂಕಿಗಳು ಸುಳ್ಳಲ್ಲ, ಆದರೆ ಪ್ರವಾಸಿಗೆ ಹೆಚ್ಚುಮಟ್ಟಿಗೆ ನಿರುಪಯುಕ್ತ. ಅಲ್ಲಿಯ ಬೆಸ್ತನು ಬೆಳಗಿನಲ್ಲಿ ಕೇಳಿಕೊಳ್ಳುವ ಪ್ರಶ್ನೆಗಳೇ ಬೇರೆ. ಗಾಳಿ ಎಷ್ಟಿದೆ, ಎತ್ತಲಿಂದಿದೆ, ಕಣ್ಣಿಗೆ ಕಾಣದಷ್ಟು ದೂರದ ಕಡಲಲ್ಲಿ ಈ ವಾರ ಏನು ನಡೆದಿದೆ? ಈ ಮೂರಕ್ಕೆ ಉತ್ತರ ತಿಳಿದವನಿಗೆ ಉಷ್ಣಮಾಪಕದ ಹಂಗಿಲ್ಲ.

ಭೂಪಟವನ್ನು ಬಿಡಿಸಿದರೆ ಒಂದು ಕೌತುಕವು ಗೋಚರಿಸುತ್ತದೆ. ಬಾರ್ಬಡೋಸ್ ಇರುವುದು ಉತ್ತರ ಅಕ್ಷಾಂಶದ 13ನೆಯ ಡಿಗ್ರಿಯ ಮೇಲೆ. ನಮ್ಮ ಮಂಗಳೂರು, ಬೆಂಗಳೂರುಗಳೂ ಹೆಚ್ಚುಕಡಿಮೆ ಅದೇ ರೇಖೆಯ ಮೇಲಿವೆ. ಸೂರ್ಯನು ಇಬ್ಬರಿಗೂ ಸಮನಾಗಿ ಹಂಚುತ್ತಾನೆ. ಹೀಗಿದ್ದರೂ ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರನ್ನು ಮೀರಿ ಮಳೆ ಸುರಿದರೆ, ಬಾರ್ಬಡೋಸಿನ ಕರಾವಳಿಯಲ್ಲಿ ಅದರ ಮೂರನೆಯ ಒಂದು ಪಾಲು ಬಿದ್ದರೆ ಹೆಚ್ಚು. ಇದಕ್ಕೆ ಕಾರಣ ಏಷ್ಯಾ ಖಂಡದ ವಿಸ್ತಾರವಾದ ನೆಲ. ಬೇಸಗೆಯಲ್ಲಿ ಕಾದು ಕೆಂಡವಾಗುವ ಆ ಭೂರಾಶಿಯು ಅರಬ್ಬೀ ಸಮುದ್ರದ ಗಾಳಿಯನ್ನು ತನ್ನತ್ತ ಸೆಳೆದುಕೊಂಡು, ಅದರ ದಿಕ್ಕನ್ನೇ ತಿರುಗಿಸಿ ನಮಗೆ ಮುಂಗಾರನ್ನು ಕೊಡುತ್ತದೆ. ಬಾರ್ಬಡೋಸಿನ ಉತ್ತರಕ್ಕೆ ಅಂಥ ನೆಲವಿಲ್ಲ. ಇರುವುದು ಬರಿಯ ಅಟ್ಲಾಂಟಿಕ್ ಸಾಗರ. ಆದಕಾರಣ ಅಲ್ಲಿಯ ಗಾಳಿಗೆ ದಿಕ್ಕು ಬದಲಾಯಿಸುವ ಪ್ರಸಂಗವೇ ಬರುವುದಿಲ್ಲ. ಅದು ಮೂಡಣದಿಂದ ಬರುತ್ತದೆ, ನಾಳೆಯೂ ಬರುತ್ತದೆ.

ಈ ಗಾಳಿಗೆ ನಮ್ಮ ಪಠ್ಯಪುಸ್ತಕಗಳು ಇಟ್ಟ ಹೆಸರು ವಾಣಿಜ್ಯ ಮಾರುತ. ಇದೊಂದು ಸ್ವಾರಸ್ಯವಾದ ತಪ್ಪು. ಹಳೆಯ ಇಂಗ್ಲಿಷಿನಲ್ಲಿ 'ಟ್ರೇಡ್' ಎಂದರೆ ಹಾದಿ, ಜಾಡು. ಜಾಡು ತಪ್ಪದೆ ಬೀಸುವ ಗಾಳಿಯೆಂಬುದೇ ನಾವಿಕರ ಅಭಿಪ್ರಾಯವಾಗಿತ್ತು. ಹಾಯಿಹಡಗುಗಳು ಆ ಜಾಡನ್ನೇ ಹಿಡಿದು ವ್ಯಾಪಾರಕ್ಕೂ, ವ್ಯಾಪಾರವೆಂದು ಕರೆಯಲು ನಾಚಬೇಕಾದ ಗುಲಾಮರ ಸಾಗಣೆಗೂ ನಡೆದುದರಿಂದ ತಪ್ಪು ಹೆಸರೇ ಸಾರ್ಥಕವೆನಿಸಿತು. ಧೂಮಕೇತುವಿನಿಂದ ಪ್ರಸಿದ್ಧನಾದ ಎಡ್ಮಂಡ್ ಹ್ಯಾಲಿಯು 1686ರಲ್ಲಿ ಈ ಗಾಳಿಗಳ ನಕ್ಷೆಯನ್ನು ಬರೆದನಾದರೂ, ಅವು ಪೂರ್ವದಿಂದಲೇ ಏಕೆ ಬರುತ್ತವೆಂಬುದಕ್ಕೆ ಆತನು ಕೊಟ್ಟ ಸಮಾಧಾನ ನಿಲ್ಲಲಿಲ್ಲ. 1735ರಲ್ಲಿ ಜಾರ್ಜ್ ಹ್ಯಾಡ್ಲಿಯೆಂಬ ವಕೀಲನು ಆ ಗಂಟಿನ ಎಳೆಯನ್ನು ಹಿಡಿದನು. ಸಮಭಾಜಕ ವೃತ್ತದ ಬಳಿ ಕಾದ ಗಾಳಿಯು ಮೇಲೇರಿ, ಎತ್ತರದಲ್ಲಿ ಧ್ರುವದತ್ತ ಸರಿದು, ಸುಮಾರು 30ನೆಯ ಅಕ್ಷಾಂಶದಲ್ಲಿ ಕೆಳಗಿಳಿದು, ಬರಿದಾದ ಸ್ಥಳವನ್ನು ತುಂಬಲು ಕಡಲ ಮೇಲಿಂದ ಹಿಂದಿರುಗುತ್ತದೆ. ಭೂಮಿಯ ಮೈ 30ನೆಯ ಅಕ್ಷಾಂಶದಲ್ಲಿ ಗಂಟೆಗೆ ಸುಮಾರು 1450 ಕಿಲೋಮೀಟರ್ ವೇಗದಿಂದ ಪೂರ್ವಕ್ಕೆ ಸುತ್ತುತ್ತಿದ್ದರೆ, ಸಮಭಾಜಕ ವೃತ್ತದಲ್ಲಿ ಸುಮಾರು 1670 ಕಿಲೋಮೀಟರ್ ವೇಗದಿಂದ ಸುತ್ತುತ್ತದೆ. ನಿಧಾನದ ಸೀಮೆಯಿಂದ ಹೊರಟ ಗಾಳಿಯು ವೇಗದ ಸೀಮೆಯನ್ನು ಮುಟ್ಟುವಾಗ ಹಿಂದೆ ಬೀಳುತ್ತದೆ, ಹಿಂದೆ ಬಿದ್ದುದು ನೆಲದ ಮೇಲೆ ನಿಂತವನಿಗೆ ಮೂಡಣದಿಂದ ಬಂದಂತೆ ತೋರುತ್ತದೆ. ಅನಂತರದ ಗಣಿತಜ್ಞರು ಈ ವಿವರಣೆಯನ್ನು ತಿದ್ದಿದ್ದಾರೆ, ಕೆಡವಿಲ್ಲ.

ದ್ವೀಪದ ಗಾತ್ರ ಅಲ್ಪವಾದುದು. ಉದ್ದ ಸುಮಾರು 34 ಕಿಲೋಮೀಟರ್, ಅಗಲ 23. ಅತ್ಯುನ್ನತ ಬೆಟ್ಟವಾದ ಮೌಂಟ್ ಹಿಲ್ಲಬಿಯ ಎತ್ತರ 340 ಮೀಟರಿನಷ್ಟು. ಇಷ್ಟು ಸಣ್ಣ ನೆಲಕ್ಕೆ ಎರಡು ಬಗೆಯ ಕಡಲಿರುವುದು ಗಾಳಿಯ ಕೈವಾಡ. ಆಫ್ರಿಕದ ತೀರದಿಂದ ಸುಮಾರು ನಾಲ್ಕೂವರೆ ಸಾವಿರ ಕಿಲೋಮೀಟರ್ ನಡುವೆ ಒಂದು ಬಂಡೆಯ ಅಡ್ಡಿಯೂ ಇಲ್ಲದೆ ಗಾಳಿಯು ನೀರನ್ನು ನೂಕುತ್ತ ಬಂದು, ಆ ಶ್ರಮವನ್ನೆಲ್ಲ ಪೂರ್ವತೀರದ ಬ್ಯಾತ್‌ಷೀಬದ ಬಳಿ ಒಮ್ಮೆಗೇ ಸುರಿಯುತ್ತದೆ. ಅಲೆಯ ಎತ್ತರವನ್ನು ನಿರ್ಧರಿಸುವ ಸಂಗತಿಗಳು ಗಾಳಿಯ ವೇಗ, ಅದು ಬೀಸಿದ ಅವಧಿ, ಅದು ಹಾದುಬಂದ ತೆರವಾದ ನೀರಿನ ಉದ್ದ. ಮೂರನೆಯದು ಇಲ್ಲಿ ಯಥೇಚ್ಛವಾಗಿರುವುದರಿಂದ ನೊರೆಗಟ್ಟಿ ಉರುಳುವ ತೆರೆಗಳು ಹಲಗೆಯ ಮೇಲೆ ನಿಂತು ಸವಾರಿ ಮಾಡುವವರಿಗೆ ಸ್ವರ್ಗವಾಗಿವೆ, ಈಜುವವರಿಗೆ ಮೃತ್ಯುದ್ವಾರವಾಗಿವೆ. ದಡಕ್ಕೆ ನುಗ್ಗಿದ ನೀರು ಹಿಂದಿರುಗುವಾಗ ಕಿರಿದಾದ ಸೆಳೆತಗಳಾಗಿ ಹರಿಯುವುದೇ ಇದಕ್ಕೆ ಕಾರಣ. ಪಶ್ಚಿಮತೀರದ ಹೋಲ್‌ಟೌನಿನಲ್ಲಾದರೋ ದ್ವೀಪವು ತಾನೇ ಗೋಡೆಯಾಗಿ ನಿಂತು ಗಾಳಿಯನ್ನು ತಡೆಯುವುದರಿಂದ ಕಡಲು ಕೆರೆಯಂತೆ ಮಲಗಿರುತ್ತದೆ. ಸಿರಿವಂತರ ಬಂಗಲೆಗಳೂ ದುಬಾರಿ ವಸತಿಗೃಹಗಳೂ ಆ ಕಡೆಯಲ್ಲಿಯೇ ಸಾಲುಗಟ್ಟಿರುವುದು ಆಕಸ್ಮಿಕವಲ್ಲ. ಗಾಳಿಯ ಮರೆಗೆ ಬೆಲೆ ಕಟ್ಟಬಹುದೆಂಬುದನ್ನು ನಾನು ಆ ದ್ವೀಪದ ಭೂಪಟದಿಂದಲೇ ಕಲಿತೆನು. ದಕ್ಷಿಣತೀರವು ಇವೆರಡರ ನಡುವಿನದು.

ಆಕಾಶದ ಕಡೆಗೂ ಒಂದಿಷ್ಟು ನೋಡೋಣ. 30ನೆಯ ಅಕ್ಷಾಂಶದತ್ತ ಕೆಳಗಿಳಿಯುವ ಗಾಳಿಯು ಇಳಿಯುತ್ತ ಒತ್ತಲ್ಪಟ್ಟು ಬಿಸಿಯಾಗಿ ಒಣಗುವುದರಿಂದ, ಕಡಲಿನಿಂದ ಸುಮಾರು ಎರಡು ಕಿಲೋಮೀಟರ್ ಎತ್ತರದಲ್ಲಿ ಅದು ಇಡ್ಲಿ ಪಾತ್ರೆಯ ಮುಚ್ಚಳದಂತೆ ಹಾಸಿಕೊಳ್ಳುತ್ತದೆ. ಕೆಳಗಿನಿಂದೇರಿದ ಆವಿಯು ಆ ಮುಚ್ಚಳವನ್ನು ತಾಗಿ ನಿಲ್ಲುವುದರಿಂದ ಮೋಡಗಳು ಹಿಂಜಿದ ಹತ್ತಿಯ ಉಂಡೆಗಳಷ್ಟೇ ಬೆಳೆದು, ಐದು ಹತ್ತು ನಿಮಿಷ ಹನಿಯುದುರಿಸಿ, ಪಶ್ಚಿಮಕ್ಕೆ ಸಾಗಿಹೋಗುತ್ತವೆ. ಜನವರಿಯಿಂದ ಮೇ ತಿಂಗಳವರೆಗೆ ಮುಚ್ಚಳವು ಭದ್ರವಾಗಿರುತ್ತದೆ. ಅದೇ ಅಲ್ಲಿಯ ಒಣಗಾಲ. ಈ ಚಿಕ್ಕ ಮೋಡಗಳು ಭೂಮಿಯ ಶಾಖದ ಲೆಕ್ಕದಲ್ಲಿ ಎಂಥ ದೊಡ್ಡ ಪಾತ್ರ ವಹಿಸುತ್ತವೆಂಬುದನ್ನು ತಿಳಿಯಲು 2020ರ ಆರಂಭದಲ್ಲಿ ಯುರೋಪಿನ ವಿಜ್ಞಾನಿಗಳು ವಿಮಾನ, ಹಡಗುಗಳೊಡನೆ ಬಾರ್ಬಡೋಸಿನಲ್ಲಿಯೇ ಬೀಡುಬಿಟ್ಟಿದ್ದರು. ಬೇಸಗೆಯ ಕೆಲವು ದಿನಗಳಲ್ಲಿ ನೀಲಿಯಾಗಬೇಕಾದ ಬಾನು ಹಾಲು ಬೆರೆಸಿದಂತೆ ಮಸುಕಾಗುವುದುಂಟು. ಪ್ರವಾಸಿಯು ಅದನ್ನು ಮಂಜೆಂದು ಭ್ರಮಿಸುತ್ತಾನೆ. ಅದು ಸಹಾರದ ಧೂಳು! ದ್ವೀಪದ ಪೂರ್ವತುದಿಯಾದ ರ‍್ಯಾಗೆಡ್ ಪಾಯಿಂಟಿನಲ್ಲಿ ಜೋಸೆಫ್ ಪ್ರಾಸ್ಪೆರೊ ಎಂಬ ವಿಜ್ಞಾನಿಯು 1960ರ ದಶಕದಿಂದ ಈ ಧೂಳನ್ನು ಅಳೆಯುತ್ತ ಬಂದು, ಹವಳದ ಸುಣ್ಣಕಲ್ಲಿನ ಆ ದ್ವೀಪಕ್ಕೆ ಮರುಭೂಮಿಯಿಂದ ಮಣ್ಣು ಬರುವ ಬಗೆಯನ್ನು ಲೋಕಕ್ಕೆ ತಿಳಿಸಿದನು. ಧೂಳು ತುಂಬಿದ ಒಣಗಾಳಿಯು ಚಂಡಮಾರುತದ ಹುಟ್ಟನ್ನು ತಡೆಯುವುದೂ ಉಂಟು. ಹೀಗಾಗಿ ಮಸುಕಾದ ಬಾನು ಛಾಯಾಚಿತ್ರಕ್ಕೆ ಕೆಟ್ಟದ್ದಾದರೂ ವಾಸಕ್ಕೆ ಒಳ್ಳೆಯದು.

ಇನ್ನು ಯಂತ್ರದ ಉಗ್ರರೂಪ. ಬೇಸಗೆಯಲ್ಲಿ ಆಫ್ರಿಕದ ಮೇಲೆ ಹುಟ್ಟುವ ಒತ್ತಡದ ಅಲೆಗಳು ಮೂರು ನಾಲ್ಕು ದಿನಕ್ಕೊಂದರಂತೆ ಈ ಮೂಡಣ ಗಾಳಿಯ ಹೆಗಲೇರಿ ಪಶ್ಚಿಮಕ್ಕೆ ತೇಲಿಬರುತ್ತವೆ. ಅವುಗಳಲ್ಲಿ ಬಹುಪಾಲು ಗುಡುಗಿ ಮಳೆಗರೆದು ಕರಗಿಹೋಗುವಂಥವು. ಆದರೆ ಕಡಲಿನ ನೀರು 26.5 ಡಿಗ್ರಿಗಿಂತ ಬಿಸಿಯಾಗಿದ್ದು, ಆ ಬಿಸಿಯು ಹತ್ತಾರು ಮೀಟರ್ ಆಳದವರೆಗೂ ಇಳಿದಿದ್ದು, ಮೇಲಣ ಗಾಳಿಗೂ ಕೆಳಗಣ ಗಾಳಿಗೂ ವೇಗದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದೆ, ಮುಚ್ಚಳವೂ ಸಡಿಲಗೊಂಡಿದ್ದರೆ, ಅಲೆಯೊಂದು ಸುತ್ತತೊಡಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖವನ್ನು ಕಡಲಿನಿಂದ ಎರವಲು ಪಡೆಯುತ್ತದೆ. ಎತ್ತರದಲ್ಲಿ ಮತ್ತೆ ಹನಿಯಾಗುವಾಗ ಆ ಸಾಲವನ್ನೆಲ್ಲ ಗಾಳಿಗೆ ತೀರಿಸುತ್ತದೆ. ಕಾದ ಗಾಳಿ ಇನ್ನಷ್ಟು ಮೇಲೇರುತ್ತದೆ, ಕೆಳಗೆ ಒತ್ತಡ ಇನ್ನಷ್ಟು ಕುಸಿಯುತ್ತದೆ, ಸುತ್ತಲ ಗಾಳಿ ಇನ್ನಷ್ಟು ರಭಸದಿಂದ ನುಗ್ಗುತ್ತದೆ, ನುಗ್ಗುವ ಗಾಳಿ ಇನ್ನಷ್ಟು ನೀರನ್ನು ಆವಿಯಾಗಿಸುತ್ತದೆ. ಉಗಿಯಂತ್ರದ ಸಾಮರ್ಥ್ಯಕ್ಕೆ ಸಾದಿ ಕಾರ್ನೊ ಕೊಟ್ಟ ಲೆಕ್ಕವನ್ನು ಹವಾವಿಜ್ಞಾನಿ ಕೆರ‍್ರಿ ಇಮ್ಯಾನುಯೆಲ್ 1986ರಲ್ಲಿ ಚಂಡಮಾರುತಕ್ಕೂ ಅನ್ವಯಿಸಿದನು: ಕೆಳಗಿನ ಕುಲುಮೆಯಾದ ಕಡಲಿನ ಉಷ್ಣತೆ 28 ಡಿಗ್ರಿ, ಹದಿನೈದು ಕಿಲೋಮೀಟರ್ ಮೇಲೆ ಗಾಳಿಯು ಹೊರಚೆಲ್ಲುವೆಡೆಯಲ್ಲಿ ಶೂನ್ಯಕ್ಕಿಂತ ಸುಮಾರು 70 ಡಿಗ್ರಿ ಕಡಿಮೆ, ಆದ್ದರಿಂದ ಪಡೆದ ಶಾಖದ ಸುಮಾರು ಮೂರನೆಯ ಒಂದು ಪಾಲು ಗಾಳಿಯ ಚಲನೆಯಾಗಿ ಮಾರ್ಪಡಬಲ್ಲುದು. ಮನುಷ್ಯನು ಕಟ್ಟಿದ ಎಷ್ಟೋ ಯಂತ್ರಗಳಿಗೆ ಈ ಸಾಮರ್ಥ್ಯವಿಲ್ಲ. ನೆಲವನ್ನೇರಿದೊಡನೆ ಇಂಧನವಾದ ಬಿಸಿನೀರು ತಪ್ಪಿಹೋಗಿ ಅದು ಬಡವಾಗುವುದೂ ಈ ಕಾರಣದಿಂದಲೇ.

ಗಾಳಿಯು ವರ್ತುಲವಾಗಿ ಸುತ್ತುತ್ತದೆಂಬ ಅರಿವು ಮೂಡಿದುದರಲ್ಲಿ ಈ ದ್ವೀಪದ ಪಾತ್ರ ದೊಡ್ಡದು. 1780ರ ಅಕ್ಟೋಬರಿನ ಮಹಾಮಾರುತವು ಬಾರ್ಬಡೋಸಿನಿಂದ ಮೊದಲುಗೊಂಡು ದ್ವೀಪಮಾಲೆಯಲ್ಲಿ ಸುಮಾರು 22,000 ಮಂದಿಯನ್ನು ಬಲಿತೆಗೆದುಕೊಂಡಾಗ ಅದರ ಆಕೃತಿಯನ್ನು ಬಲ್ಲವರಿರಲಿಲ್ಲ. 1831ರ ಆಗಸ್ಟಿನಲ್ಲಿ ಮತ್ತೊಂದು ಮಾರುತವು ಬ್ರಿಡ್ಜ್‌ಟೌನನ್ನು ನೆಲಸಮ ಮಾಡಲು, ಕಟ್ಟಡಗಳನ್ನು ಪುನಃ ಕಟ್ಟಿಸಲೆಂದು ಬಂದ ಸೈನ್ಯದ ಇಂಜಿನಿಯರ್ ವಿಲಿಯಂ ರೀಡನು ಗೋಡೆಗಳು ಹೇಗೆ ಬಿದ್ದುವೆಂದು ನೋಡುವುದರೊಡನೆ ಬೀಳಿಸಿದ ಗಾಳಿ ಎಂಥದೆಂದೂ ಯೋಚಿಸಿ, ಹಡಗುಗಳ ದಿನಚರಿಗಳನ್ನು ಕಲೆಹಾಕಿ, 1838ರಲ್ಲಿ ಬಿರುಗಾಳಿಗಳ ನಿಯಮವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಆ ಗ್ರಂಥವು ಕಲ್ಕತ್ತದಲ್ಲಿದ್ದ ಹೆನ್ರಿ ಪಿಡಿಂಗ್ಟನನ ಕೈಸೇರಿತು. ಆತನು ಬಂಗಾಳಕೊಲ್ಲಿಯ ಬಿರುಗಾಳಿಗಳನ್ನು ಅದೇ ರೀತಿಯಲ್ಲಿ ಅಭ್ಯಸಿಸಿ, ಸುರುಳಿಸುತ್ತಿದ ಹಾವನ್ನು ನೆನಪಿಸುವ ಗ್ರೀಕ್ ಮಾತಿನಿಂದ 'ಸೈಕ್ಲೋನ್' ಎಂಬ ಹೆಸರನ್ನು ರೂಪಿಸಿದನು. ಇಂದು ನಮ್ಮ ಪತ್ರಿಕೆಗಳು ನಿತ್ಯವೂ ಬಳಸುವ ಆ ಮಾತಿನ ವಂಶಾವಳಿಯಲ್ಲಿ ಬ್ರಿಡ್ಜ್‌ಟೌನಿನ ಮುರಿದ ಗೋಡೆಗಳೂ ಇವೆ. ರೀಡನು ಮುಂದೆ ಅದೇ ದ್ವೀಪಕ್ಕೆ ಗವರ್ನರನಾಗಿ ಬಂದು, ವಾಯುಭಾರಮಾಪಕವು ಇಳಿದಾಗ ಕಾರ್ಲೈಲ್ ಕೊಲ್ಲಿಯ ಹಡಗುಗಳಿಗೆ ಎಚ್ಚರಿಕೆಯ ಸಂಕೇತ ತೋರುವ ಏರ್ಪಾಟನ್ನು 1847ರಲ್ಲಿ ಮಾಡಿದನು.

ಬೆರಿಲ್ ಮಾರುತದ ವೃತ್ತಾಂತವು ಈ ಯಂತ್ರಕ್ಕೆ ಒಳ್ಳೆಯ ನಿದರ್ಶನ. ಜೂನ್ 28ರಂದು ಅದು ಬರಿಯ ವಾಯುಭಾರ ಕುಸಿತ. 30ರಂದು ನಾಲ್ಕನೆಯ ದರ್ಜೆಯ ಚಂಡಮಾರುತ. ಅಟ್ಲಾಂಟಿಕ್ ಸಾಗರದಲ್ಲಿ ಜೂನ್ ತಿಂಗಳೊಳಗೆ ಆ ದರ್ಜೆಯನ್ನು ಮುಟ್ಟಿದ ಮಾರುತವು ದಾಖಲೆಯಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಕಾಯಬೇಕಾದ ಕಡಲು ಆ ವರ್ಷ ಜೂನಿನಲ್ಲಿಯೇ ಕಾದಿತ್ತು. ಬಾರ್ಬಡೋಸಿನ ದಕ್ಷಿಣಕ್ಕೆ ಹಾದು ಜುಲೈ 1ರಂದು ಅದು ಗ್ರೆನೇಡಕ್ಕೆ ಸೇರಿದ ಕ್ಯಾರಿಯಕೂ ದ್ವೀಪವನ್ನು ಧ್ವಂಸಮಾಡಿತು. ಬಾರ್ಬಡೋಸಿನ ಮನೆಗಳು ಬಹುಮಟ್ಟಿಗೆ ಉಳಿದುವು, ಆದರೆ ಬ್ರಿಡ್ಜ್‌ಟೌನಿನ ಮೀನುದೋಣಿಗಳು ಉಳಿಯಲಿಲ್ಲ. ಎಡಕ್ಕೆ ಸುತ್ತುವ ಆ ಚಕ್ರವು ದಕ್ಷಿಣದಲ್ಲಿ ದಾಟಿಹೋಗುತ್ತಿದ್ದಂತೆ ಅಲೆಗಳು ಮೂಡಣವನ್ನು ಬಿಟ್ಟು ತೆಂಕಣದಿಂದ ನುಗ್ಗಿದುವು. ವರ್ಷವಿಡೀ ಗಾಳಿಯ ಮರೆಯೆಂದು ನಂಬಿ ದೋಣಿ ಕಟ್ಟಿದ್ದ ಕಡೆಯೇ ಅಂದು ಬಯಲಾಗಿತ್ತು.

ಹಾಗಾದರೆ ಯಾವ ಕಾಲದಲ್ಲಿ ಹೋಗಬೇಕು? ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತಗಳ ಕಾಲವೆಂದು ಪಂಚಾಂಗ ಹೇಳುತ್ತದೆ; ನಡು ಆಗಸ್ಟಿನಿಂದ ನಡು ಅಕ್ಟೋಬರಿನವರೆಗೆ ಅದರ ಪ್ರತಾಪ ಹೆಚ್ಚು. ಬಾರ್ಬಡೋಸ್ ದ್ವೀಪಮಾಲೆಯ ಪೂರ್ವಕ್ಕೆ ಪ್ರತ್ಯೇಕವಾಗಿ ನಿಂತಿರುವುದರಿಂದ ಬಹಳಷ್ಟು ಮಾರುತಗಳು ಅದರ ಉತ್ತರಕ್ಕೆ ಸರಿದುಹೋಗುತ್ತವೆ. 1955ರ ಜ್ಯಾನೆಟ್ ಮಾರುತದಂತೆ ನೇರವಾಗಿ ಎರಗಿದವು ವಿರಳ. ಹಾಗೆಂದು ಸೆಪ್ಟೆಂಬರಿನ ಅಗ್ಗದ ಬಾಡಿಗೆಯನ್ನು ನಂಬಿ ಹೋಗುವವನು, ಗಾಳಿ ಬಿದ್ದುಹೋಗಿ ಸೆಖೆಯಲ್ಲಿ ಬೇಯುವ ದಿನಗಳಿಗಾದರೂ ಸಿದ್ಧನಾಗಿರಬೇಕು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೀಸುವ ಜೋರುಗಾಳಿಯನ್ನು ಆ ಕಡೆಯವರು ಕ್ರಿಸ್‌ಮಸ್ ಗಾಳಿಯೆಂದು ಕರೆಯುತ್ತಾರೆ. ಆಗ ಬಿಸಿಲು ತಟ್ಟಿದ್ದೇ ತಿಳಿಯದೆ ಬೆನ್ನು ಸುಟ್ಟುಕೊಂಡವರು ಅಸಂಖ್ಯರು. ಅದೇ ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕಿನ ದೂರದ ಬಿರುಗಾಳಿಗಳು ಎಬ್ಬಿಸಿದ ನೀಳವಾದ ಅಲೆಗಳು ಎರಡು ಮೂರು ದಿನ ಪಯಣಿಸಿ, ದ್ವೀಪದ ಉತ್ತರತುದಿಯನ್ನು ಬಳಸಿ, ಶಾಂತವೆಂದು ಹೆಸರಾದ ಪಶ್ಚಿಮತೀರವನ್ನು ಕಲಕುವುದುಂಟು. ಬಾನು ನಿರ್ಮಲ, ಗಾಳಿ ಮಂದ. ಆದರೂ ಆಳುದ್ದದ ತೆರೆ.

2011ರಿಂದೀಚೆಗೆ ಹೊಸದೊಂದು ಉಪದ್ರವ ಸೇರಿದೆ. ಸಾರ್ಗಾಸಮ್ ಎಂಬ ಕಂದುಬಣ್ಣದ ಕಡಲಪಾಚಿಯು ಆಫ್ರಿಕದಿಂದ ಮೆಕ್ಸಿಕೊ ಕೊಲ್ಲಿಯವರೆಗೆ ಪಟ್ಟಿಯಾಗಿ ಬೆಳೆಯತೊಡಗಿ, 2018ರ ಜೂನಿನಲ್ಲಿ ಎರಡು ಕೋಟಿ ಟನ್ನುಗಳನ್ನು ಮೀರಿತ್ತೆಂದು ಉಪಗ್ರಹದ ಚಿತ್ರಗಳಿಂದ ಲೆಕ್ಕಹಾಕಲಾಯಿತು. ಅದನ್ನು ಹೊತ್ತುತರುವುದೂ ಮೂಡಣ ಗಾಳಿಯೇ, ಇಳಿಸುವುದೂ ಪೂರ್ವತೀರದಲ್ಲಿಯೇ. ವಸಂತದಿಂದ ಬೇಸಗೆಯವರೆಗೆ ಕೆಟ್ಟ ವರ್ಷಗಳಲ್ಲಿ ಮೊಣಕಾಲೆತ್ತರದ ರಾಶಿಗಳು ಮರಳಿನ ಮೇಲೆ ಕೊಳೆತು, ಕೆಟ್ಟ ಮೊಟ್ಟೆಯ ನಾತವನ್ನು ಬೀರುತ್ತವೆ. ಅಂಥ ಬೆಳಿಗ್ಗೆ ಬ್ಯಾತ್‌ಷೀಬದಲ್ಲಿ ಮೂಗು ಮುಚ್ಚಿಕೊಂಡ ಪ್ರವಾಸಿಯು ಬೇಸರಪಟ್ಟು ಊರಿಗೆ ಮರಳಬೇಕಾದ ಅಗತ್ಯವೇನೂ ಇಲ್ಲ; ಕಬ್ಬಿನ ಗದ್ದೆಗಳ ನಡುವೆ ಹದಿನೈದು ಕಿಲೋಮೀಟರಿನಷ್ಟು ಅಡ್ಡಹಾಯ್ದು ಹೋಲ್‌ಟೌನನ್ನು ಸೇರಿದರೆ, ಅಲ್ಲಿ ಅದೇ ಹೊತ್ತಿನಲ್ಲಿ ತಳದ ಮರಳು ಕಾಣುವಷ್ಟು ತಿಳಿಯಾದ ನೀರಿನಲ್ಲಿ ಮಕ್ಕಳು ಆಡುತ್ತಿರುತ್ತಾರೆ.